ನೊರೆಯನ್ನು ನಂಬಬಹುದೇ? ಬೇಳೆ, ಬೋರ್ ನೀರು, ಕಾಲುವೆ: ಮೂರು ನೊರೆಗಳ ಹಿಂದಿನ ವಿಜ್ಞಾನ

ಸಿಂಧನೂರಿನ ಭತ್ತದ ಸೀಮೆಯಲ್ಲಿ ಕಾಲುವೆ ನೀರಿಗೆ ಸಾಬೂನು ತಾಗಿದರೆ ಸಾಕು, ಕೈತುಂಬ ನೊರೆ. ಕಾಲುವೆ ತಲುಪದ ಲಿಂಗಸುಗೂರು, ಮಸ್ಕಿ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಅದೇ ಸಾಬೂನನ್ನು ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ. ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ನೀರಿನ ಗುಣ ಅಳೆಯಲು ನೊರೆಯೇ ಒಂದು ಅಳತೆಗೋಲಾಗಿಬಿಟ್ಟಿದೆ. 'ನೊರೆ ಬರುವ ನೀರು ಕುಡಿಯಲು ಒಳ್ಳೆಯದು' ಎಂಬುದು ಒಂದು ನಂಬಿಕೆ. 'ಬೇಳೆ ಕುದಿಯುವಾಗ ಬರುವ ನೊರೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಅದು ವಿಷ' ಎಂಬುದು ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಇನ್ನೊಂದು. 'ಕಾಲುವೆಯಲ್ಲಿ ನೊರೆ ಕಂಡರೆ ಹೊಲದ ಔಷಧಿ ಬೆರೆತಿದೆ ಎಂದೇ ಅರ್ಥ' ಎಂಬುದು ಮೂರನೆಯದು.

ಈ ಮೂರೂ ಪೂರ್ತಿ ನಿಜವಲ್ಲ. ಮೊದಲನೆಯದಂತೂ ಅಪಾಯಕಾರಿ. ನೊರೆ ಹೇಗೆ ನಿಲ್ಲುತ್ತದೆ, ಯಾವಾಗ ಒಡೆಯುತ್ತದೆ ಎಂಬುದನ್ನು ತಿಳಿದರೆ ಅದರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೂ ತಿಳಿಯುತ್ತದೆ.

ನೊರೆ ನಿಲ್ಲುವುದು ಹೇಗೆ?

ನೊರೆ ಎಂದರೆ ಗಾಳಿಯ ಗುಳ್ಳೆಗಳ ರಾಶಿ. ಎರಡು ಗುಳ್ಳೆಗಳ ನಡುವೆ ನೀರಿನ ತೆಳುವಾದ ಒಂದು ಪೊರೆ ಇರುತ್ತದೆ. ಆ ಪೊರೆ ಎಷ್ಟು ಹೊತ್ತು ಬಾಳುತ್ತದೋ ನೊರೆಯೂ ಅಷ್ಟೇ ಹೊತ್ತು ಬಾಳುತ್ತದೆ.

ಶುದ್ಧ ನೀರನ್ನು ಬಾಟಲಿಗೆ ಹಾಕಿ ಕುಲುಕಿ ನೋಡಿ. ಗುಳ್ಳೆಗಳು ಎದ್ದು ಕ್ಷಣದಲ್ಲೇ ಒಡೆಯುತ್ತವೆ. ಪೊರೆಯನ್ನು ಕಾಯುವವರು ಅಲ್ಲಿ ಯಾರೂ ಇಲ್ಲ. ಒಂದು ಹನಿ ಶಾಂಪೂ ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. ಶಾಂಪೂ, ಸಾಬೂನು, ಸೀಗೆಕಾಯಿ, ಅಂಟುವಾಳ ಇವೆಲ್ಲದರಲ್ಲೂ ಒಂದು ಬಗೆಯ ಅಣುಗಳಿವೆ. ಅವುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಆಗದು. ಹಾಗಾಗಿ ಅವು ನೀರು ಮತ್ತು ಗಾಳಿ ಸೇರುವ ಗಡಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಇವುಗಳಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು.

ಪೊರೆಯನ್ನು ಒಡೆಯಲು ಮೂರು ಬಲಗಳು ಸದಾ ಕೆಲಸ ಮಾಡುತ್ತಿರುತ್ತವೆ. ಗುರುತ್ವ ಬಲ ಪೊರೆಯ ನೀರನ್ನು ಕೆಳಕ್ಕೆ ಇಳಿಸುತ್ತದೆ. ಮೂರು ಗುಳ್ಳೆಗಳು ಕೂಡುವ ಮೂಲೆಗಳು ನೀರನ್ನು ಹೀರಿಕೊಳ್ಳುತ್ತವೆ. ಕೊನೆಗೆ ಪೊರೆ ತೀರಾ ತೆಳುವಾದಾಗ, ಅಣುಗಳ ನಡುವಿನ ಆಕರ್ಷಣೆ ಅದರ ಎರಡು ಮುಖಗಳನ್ನೂ ಒಂದಕ್ಕೊಂದು ಎಳೆಯುತ್ತದೆ.

ಕಾಯುವ ಬಲಗಳೂ ಇವೆ. ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಆ ಜಾಗದಲ್ಲಿ ಸರ್ಫ್ಯಾಕ್ಟಂಟ್ ವಿರಳವಾಗುತ್ತದೆ, ಮೇಲ್ಮೈ ಎಳೆತ ಹೆಚ್ಚುತ್ತದೆ. ಆಗ ಅಕ್ಕಪಕ್ಕದ ಮೇಲ್ಮೈ ತನ್ನ ಜೊತೆ ನೀರನ್ನೂ ಎಳೆದುಕೊಂಡು ಅಲ್ಲಿಗೆ ಸರಿಯುತ್ತದೆ. ಪೊರೆ ತನಗೆ ತಾನೇ ತೇಪೆ ಹಾಕಿಕೊಂಡಂತೆ. ಇನ್ನೊಂದು ಕಾವಲು ವಿದ್ಯುತ್ತಿನದು. ಸಾಬೂನಿನ ಅಣುಗಳ ನೀರು ಬಯಸುವ ತುದಿಯಲ್ಲಿ ಋಣ ಆವೇಶ ಇರುತ್ತದೆ. ಪೊರೆಯ ಎರಡೂ ಮುಖಗಳಲ್ಲಿ ಇಂಥದೇ ಸಾಲು ಇರುವುದರಿಂದ ಅವು ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು. ಸಾಬೂನು ನೀರಿನಲ್ಲಿ ಒಂದು ಬಳೆ ಅದ್ದಿ ನೆಟ್ಟಗೆ ಎತ್ತಿ ಹಿಡಿಯಿರಿ. ಬಣ್ಣಬಣ್ಣದ ಪಟ್ಟೆಗಳು ಮೆಲ್ಲಗೆ ಕೆಳಗಿಳಿಯುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮೇಲ್ಭಾಗ ಕಪ್ಪಗಾಗುತ್ತದೆ. ಅಲ್ಲಿ ತೂತು ಬಿದ್ದಿಲ್ಲ; ಪೊರೆ ಬೆಳಕಿನ ತರಂಗಕ್ಕಿಂತ ಬಹಳ ತೆಳುವಾದ್ದರಿಂದ ಅದು ಬೆಳಕನ್ನು ಪ್ರತಿಫಲಿಸುವುದೇ ನಿಂತಿದೆ. ನ್ಯೂಟನ್ ಕೂಡ ಸಾಬೂನಿನ ಗುಳ್ಳೆಗಳಲ್ಲಿ ಈ ಕಪ್ಪು ಚುಕ್ಕೆಗಳನ್ನು ಗಮನಿಸಿ ದಾಖಲಿಸಿದ್ದ. ನಮ್ಮ ತಲೆಗೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ. ಈ ಕಪ್ಪು ಪೊರೆ ಕೆಲವೇ ಹತ್ತು ನ್ಯಾನೊಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟು ತೆಳುವಾಗಿಯೂ ಅದು ಒಡೆಯದೆ ನಿಂತಿದ್ದರೆ ಆವೇಶಗಳ ದೂಡಾಟಕ್ಕೆ ಅದರಲ್ಲಿ ದೊಡ್ಡ ಪಾಲಿದೆ.

ಉದ್ದನೆಯ ಅಣುಗಳು ಸೇರಿದರೆ?

ನಿಜ ಜೀವನದ ನೊರೆಯಲ್ಲಿ ಸರ್ಫ್ಯಾಕ್ಟಂಟ್ ಒಂದೇ ಇರುವುದು ಅಪರೂಪ. ಜೊತೆಗೆ ಪಾಲಿಮರ್‌ಗಳು, ಅಂದರೆ ಮಣಿಸರದಂಥ ಉದ್ದನೆಯ ಅಣುಗಳು ಇರುತ್ತವೆ. ಬೇಳೆಯ ಪ್ರೋಟೀನು, ತರಕಾರಿಯ ಪೆಕ್ಟಿನ್, ಕೊಳೆತ ಎಲೆ ಹುಲ್ಲಿನಿಂದ ನೀರಿಗೆ ಇಳಿಯುವ ಹ್ಯೂಮಿಕ್ ಆಮ್ಲ ಎಲ್ಲವೂ ಇಂಥವೇ. ಇವುಗಳ ಮಣಿಗಳಲ್ಲಿಯೂ ವಿದ್ಯುದಾವೇಶ ಇರುತ್ತದೆ. ಪೊರೆಯ ಆಯುಸ್ಸು ಈಗ ಈ ಎರಡರ ನಂಟಿನ ಮೇಲೆ ನಿಂತಿದೆ.

ಪಾಲಿಮರ್ ಮತ್ತು ಸರ್ಫ್ಯಾಕ್ಟಂಟ್ ಎರಡಕ್ಕೂ ಒಂದೇ ಬಗೆಯ ಆವೇಶ ಇದ್ದರೆ ಅವು ಸಾಮಾನ್ಯವಾಗಿ ಬೆರೆಯುವುದಿಲ್ಲ. ಸರ್ಫ್ಯಾಕ್ಟಂಟ್ ಪೊರೆಯ ಮುಖಗಳಲ್ಲಿ ನಿಲ್ಲುತ್ತದೆ, ಪಾಲಿಮರ್ ನಡುವಿನ ನೀರಿನಲ್ಲಿ ಉಳಿಯುತ್ತದೆ. ಇಂಥ ಪೊರೆಯನ್ನು ಮೆಲ್ಲಗೆ ಒತ್ತಿದರೆ ಅದು ಒಂದೇ ಸಮನೆ ತೆಳುವಾಗದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಪ್ರತಿ ಮೆಟ್ಟಿಲಿಗೂ ಒಂದು ಪದರದಷ್ಟು ಪಾಲಿಮರ್ ಹೊರಗೆ ಜಾರಿರುತ್ತದೆ.

ಆವೇಶಗಳು ವಿರುದ್ಧವಾಗಿದ್ದರೆ ಎರಡೂ ಒಂದನ್ನೊಂದು ಅಪ್ಪಿಕೊಂಡು ಪೊರೆಯ ಮುಖದಲ್ಲಿ ದಪ್ಪನೆಯ ಹೊದಿಕೆಯಾಗುತ್ತವೆ. ಸ್ವಲ್ಪವೇ ಸರ್ಫ್ಯಾಕ್ಟಂಟ್ ಇದ್ದರೂ ನೊರೆ ಗಟ್ಟಿಯಾಗಬಹುದು. ಆದರೆ ಧನ ಮತ್ತು ಋಣ ಸರಿಸಮವಾದರೆ ಒಂದನ್ನೊಂದು ಅಳಿಸಿಹಾಕುತ್ತವೆ. ದೂಡುವ ಬಲವೇ ಉಳಿಯುವುದಿಲ್ಲ. ಅಂಟಿಕೊಂಡ ಜೋಡಿಗಳು ಗಸಿಯಾಗಿ ಹೊರಬೀಳುತ್ತವೆ, ಹಲವು ಮಿಶ್ರಣಗಳಲ್ಲಿ ಪೊರೆಯೂ ಬೇಗ ಒಡೆಯುತ್ತದೆ. ಅಂದರೆ ನೊರೆ ಕಡಿಮೆಯಾಯಿತೆಂದರೆ ಸರ್ಫ್ಯಾಕ್ಟಂಟ್ ಕಡಿಮೆಯಾಗಿದೆ ಎಂದೇನೂ ಅಲ್ಲ. ಲೆಕ್ಕ ಸಮವಾಗಿರಲೂಬಹುದು.

ಈ ಲೆಕ್ಕ ನಿಮ್ಮ ಬಚ್ಚಲಿನಲ್ಲಿಯೂ ನಡೆಯುತ್ತದೆ. ಕೂದಲು ನುಣುಪಾಗಿಸುತ್ತೇವೆ ಎನ್ನುವ ಅನೇಕ ಶಾಂಪೂಗಳಲ್ಲಿ ಧನ ಆವೇಶದ ಪಾಲಿಮರ್ ಇರುತ್ತದೆ. ಅದರಲ್ಲೊಂದನ್ನು ತಯಾರಿಸುವುದು ನಮ್ಮ ಚವಳಿಕಾಯಿಯ (ಗೋರಿಕಾಯಿಯ) ಬೀಜದ ಅಂಟಿನಿಂದ. ಶಾಂಪೂವಿನ ಸರ್ಫ್ಯಾಕ್ಟಂಟ್‌ಗೆ ಋಣ ಆವೇಶ. ಬಾಟಲಿಯೊಳಗೆ ಸರ್ಫ್ಯಾಕ್ಟಂಟ್ ಬಹಳ ಹೆಚ್ಚಿರುವುದರಿಂದ ಎರಡೂ ಕರಗಿಕೊಂಡೇ ಇರುತ್ತವೆ. ತಲೆಗೆ ನೀರು ಸುರಿದು ತೊಳೆಯುವಾಗ ಮಿಶ್ರಣ ತೆಳುವಾಗಿ ಲೆಕ್ಕ ಸಮಕ್ಕೆ ಬರುತ್ತದೆ, ಜೋಡಿಗಳು ಹೊರಬಿದ್ದು ಕೂದಲಿಗೆ ಅಂಟುತ್ತವೆ. ನುಣುಪು ಬರುವುದು ನೊರೆಯಿಂದಲ್ಲ, ಹೀಗೆ ಅಂಟಿದ ಪದರದಿಂದ.

ನಂಬಿಕೆ 1: ಬೇಳೆಯ ನೊರೆ ವಿಷ

ತೊಗರಿ ಬೇಳೆ ಕುದಿಯುವಾಗ ಅದರಿಂದ ಪ್ರೋಟೀನು, ಪಿಷ್ಟ ಮತ್ತು ಸಪೋನಿನ್‌ಗಳು ನೀರಿಗೆ ಇಳಿಯುತ್ತವೆ. ಸಪೋನಿನ್ ಎಂದರೆ ಸಸ್ಯಗಳೇ ತಯಾರಿಸುವ ಸರ್ಫ್ಯಾಕ್ಟಂಟ್. ಸೀಗೆಕಾಯಿ, ಅಂಟುವಾಳದಲ್ಲಿ ಅದು ಹೇರಳ, ಬೇಳೆಕಾಳುಗಳಲ್ಲಿ ಬಹಳ ಕಡಿಮೆ. ಪ್ರೋಟೀನು ಆವೇಶವುಳ್ಳ ಪಾಲಿಮರ್. ಕುದಿತದ ಆವಿ ಗುಳ್ಳೆಯೆಬ್ಬಿಸುತ್ತದೆ, ಇವೆರಡೂ ಸೇರಿ ಪೊರೆಯನ್ನು ಹಿಡಿದು ನಿಲ್ಲಿಸುತ್ತವೆ. ಬೇಳೆಯ ನೊರೆ ಸಾಬೂನಿನ ನೊರೆಗಿಂತ ಮಂದವಾಗಿ ಕೆನೆಯಂತೆ ಕಾಣುವುದು ಇದರಿಂದಲೇ. ಇದು ಕೊಳೆಯೂ ಅಲ್ಲ, ಕಲಬೆರಕೆಯ ಗುರುತೂ ಅಲ್ಲ.

ಹಾಗಾದರೆ ಯೂರಿಕ್ ಆಮ್ಲ? ನಮ್ಮ ದೇಹ ಆಹಾರದಲ್ಲಿನ ಪ್ಯೂರಿನ್ ಎಂಬ ವಸ್ತುಗಳನ್ನು ಒಡೆದಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಬೇಳೆಯಲ್ಲಿ ಪ್ಯೂರಿನ್ ಸಾಧಾರಣ ಪ್ರಮಾಣದಲ್ಲಿದೆ. ಆದರೆ ಅದು ನೀರಿನಲ್ಲಿ ಕರಗುವ ಸಣ್ಣ ಅಣು. ನೊರೆಯಲ್ಲಿ ಹೋಗಿ ಸೇರಿಕೊಳ್ಳಲು ಅದಕ್ಕೆ ಕಾರಣವೇ ಇಲ್ಲ. ನೊರೆ ತೆಗೆದು ಚೆಲ್ಲಿದರೂ ಪ್ಯೂರಿನ್ ಬೇಳೆಯಲ್ಲಿ ಮತ್ತು ಕಟ್ಟಿನಲ್ಲಿ ಉಳಿದೇ ಇರುತ್ತದೆ. ಇನ್ನೊಂದು ಮಾತು: 2004ರಲ್ಲಿ ಪ್ರಕಟವಾದ, ಅಮೆರಿಕದ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರಾಹಾರ ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚು ಕಂಡುಬಂತು, ಪ್ಯೂರಿನ್ ಹೆಚ್ಚಿರುವ ಸಸ್ಯಾಹಾರಕ್ಕೂ ಗೌಟ್‌ಗೂ ಅಂಥ ನಂಟು ಕಾಣಲಿಲ್ಲ. ಗೌಟ್ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕಾದದ್ದು ದಿನಕ್ಕೆ ಎಷ್ಟು ಬೇಳೆ ತಿನ್ನಬೇಕು ಎಂದು, ನೊರೆಯ ಬಗ್ಗೆ ಅಲ್ಲ.

ರುಚಿಗಾಗಿ ನೊರೆ ತೆಗೆಯುವವರು ತೆಗೆಯಲಿ, ಅದರಿಂದ ನಷ್ಟವೇನಿಲ್ಲ. ಬೇಳೆ ನೊರೆಯ ನಿಜವಾದ ಅಪಾಯ ಬೇರೆ ಕಡೆ ಇದೆ. ಕುಕ್ಕರಿನಲ್ಲಿ ಉಕ್ಕಿದ ನೊರೆ ಆವಿ ಹೋಗುವ ಕಿಂಡಿಯನ್ನು ಕಟ್ಟಿಬಿಡಬಹುದು. ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು ಎನ್ನುವುದು ಇದಕ್ಕೇ. ಬೇಳೆಗೆ ಒಂದು ಚಮಚ ಎಣ್ಣೆ ಹಾಕುವ ಹಳೆಯ ರೂಢಿಯೂ ಸರಿಯಾದದ್ದು. ಎಣ್ಣೆಯ ಸಣ್ಣ ಹನಿಗಳು ಪೊರೆಯ ಮುಖಕ್ಕೆ ನುಗ್ಗಿ ಅದನ್ನು ಹರಿಯುತ್ತವೆ, ನೊರೆ ತಗ್ಗುತ್ತದೆ.

ನಂಬಿಕೆ 2: ನೊರೆ ಬರುವ ನೀರು ಕುಡಿಯಲು ಒಳ್ಳೆಯದು

ಬೋರ್ ನೀರು ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡಿರುತ್ತದೆ. ಇದೇ ಗಡಸು ನೀರು. ಈ ಎರಡಕ್ಕೂ ಧನ ಆವೇಶ, ಅದೂ ಇಮ್ಮಡಿ. ಸಾಬೂನಿನ ಋಣ ತುದಿಗಳನ್ನು ಅವು ಎರಡೆರಡಾಗಿ ಹಿಡಿದು ಕಟ್ಟಿಹಾಕುತ್ತವೆ. ಕಟ್ಟುಬಿದ್ದ ಸಾಬೂನು ಕರಗದ ಗಸಿಯಾಗುತ್ತದೆ, ಪೊರೆ ಕಾಯಲು ಉಳಿಯುವುದಿಲ್ಲ. ಡಿಟರ್ಜೆಂಟ್ ಪುಡಿ ಮತ್ತು ಶಾಂಪೂಗಳು ಇದನ್ನು ಸಾಬೂನಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ.

ಸವಳು ನೀರಿನ ಉಪ್ಪಿನದು ಬೇರೆ ಕೆಲಸ. ಉಪ್ಪು ಹೆಚ್ಚಿದಷ್ಟೂ ಆವೇಶಗಳ ದೂಡಾಟದ ವ್ಯಾಪ್ತಿ ಕುಗ್ಗುತ್ತದೆ. ಲೀಟರಿಗೆ 60 ಮಿಲಿಗ್ರಾಂ ಅಡುಗೆ ಉಪ್ಪು ಇದ್ದರೆ ಈ ವ್ಯಾಪ್ತಿ ಸುಮಾರು 10 ನ್ಯಾನೊಮೀಟರ್. 2,000 ಮಿಲಿಗ್ರಾಂ ಆದರೆ ಎರಡಕ್ಕೂ ಕಡಿಮೆ. ಹಾಗೆಂದು ಉಪ್ಪು ಬಿದ್ದೊಡನೆ ಎಲ್ಲ ನೊರೆಯೂ ಸಾಯುವುದಿಲ್ಲ. ಸರ್ಫ್ಯಾಕ್ಟಂಟ್ ಅಣುಗಳು ಮುಖದಲ್ಲಿ ಒತ್ತೊತ್ತಾಗಿ ನಿಲ್ಲಲು ಅದು ನೆರವಾಗುವುದೂ ಉಂಟು.

ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬ ದೂರಿಗೂ ಮೂಲ ಇದೇ ಕ್ಯಾಲ್ಸಿಯಂ. ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಋಣ ಆವೇಶದ ಪಾಲಿಮರ್. ಕ್ಯಾಲ್ಸಿಯಂ ಅದರ ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ.

ಹಾಗಾದರೆ ಗಡಸು ನೀರು ಆರೋಗ್ಯಕ್ಕೆ ಕೆಟ್ಟದ್ದೇ? ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ರುಚಿ, ಪಾತ್ರೆಗೆ ಕಟ್ಟುವ ಕರೆ, ಸಾಬೂನಿನ ಖರ್ಚು ಇವೇ ಅದರ ಮುಖ್ಯ ತೊಂದರೆಗಳು.

ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಹೆಚ್ಚು ಕಾಡುವುದು ಫ್ಲೋರೈಡ್. ಮಾನದಂಡದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಾಗ 1.5. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೊರೆಯ ಮೇಲೆ ಗಮನಿಸುವಂಥ ಪರಿಣಾಮವೂ ಇಲ್ಲ.

ತೊಡಕು ಇರುವುದು ಇಲ್ಲೇ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡಿನ ಜೊತೆ ಸೇರಿ ಕರಗದ ಖನಿಜವಾಗುತ್ತದೆ, ಫ್ಲೋರೈಡ್ ಬಹಳ ಏರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚು ಇರುವ ನೀರಿನಲ್ಲಿ ಆ ತಡೆ ಇಲ್ಲ. ಕ್ಯಾಲ್ಸಿಯಂ ಕಡಿಮೆಯಾದ್ದರಿಂದ ಅಂಥ ನೀರಿನಲ್ಲಿ ಸಾಬೂನು ಚೆನ್ನಾಗಿ ನೊರೆಯೇಳುತ್ತದೆ, ಬೇಳೆಯೂ ಬೇಗ ಬೇಯುತ್ತದೆ. ಇದು ಎಲ್ಲ ಬೋರುಗಳಿಗೂ ಅನ್ವಯಿಸುವ ಕಟ್ಟಳೆಯಲ್ಲ. ಗಡಸು ನೀರಿನಲ್ಲೂ ಫ್ಲೋರೈಡ್ ಇರಬಹುದು. ಆದರೆ ಎರಡು ಬೋರುಗಳಲ್ಲಿ ನೊರೆ ಹೆಚ್ಚು ಬರುವುದನ್ನು ಕುಡಿಯಲು ಆರಿಸಿಕೊಂಡ ಮನೆ, ಫ್ಲೋರೈಡ್ ಹೆಚ್ಚಿರುವುದನ್ನೇ ಆರಿಸಿಕೊಂಡಿರುವ ಸಾಧ್ಯತೆ ಇದೆ. ಆರ್ಸೆನಿಕ್, ನೈಟ್ರೇಟ್, ರೋಗಾಣುಗಳ ಬಗ್ಗೆಯೂ ಸಾಬೂನಿನ ನೊರೆ ಏನನ್ನೂ ಹೇಳುವುದಿಲ್ಲ. ಹಟ್ಟಿಯ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜಗಳಿವೆ. ಕೃಷ್ಣೆಯ ಆಚೆ ಬದಿಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿದೆ. ಇಂಥ ಕಡೆ ಪರೀಕ್ಷೆ ಇನ್ನೂ ಮುಖ್ಯ.

ನಂಬಿಕೆ 3: ಕಾಲುವೆಯ ನೊರೆ ಎಂದರೆ ಔಷಧಿ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಾಗಲಿ, ಹೊಲದ ಬಸಿನೀರು ಸೇರುವ ಹಳ್ಳದಲ್ಲಾಗಲಿ ನೀರು ಎತ್ತರದಿಂದ ಬೀಳುವ ಕಡೆ ಗಾಳಿ ಸಿಕ್ಕಿಕೊಂಡು ನೊರೆ ಬರುತ್ತದೆ. ಅದನ್ನು ನಿಲ್ಲಿಸಲು ಕೊಳೆತ ಹುಲ್ಲಿನ ಹ್ಯೂಮಿಕ್ ಆಮ್ಲ, ಪಾಚಿಯ ಪ್ರೋಟೀನುಗಳೇ ಸಾಕಾಗಬಹುದು. ಬಟ್ಟೆ ಒಗೆದ ನೀರು, ಊರಿನ ಚರಂಡಿ ಸೇರಿದರೆ ಡಿಟರ್ಜೆಂಟ್ ಕೂಡ ಜೊತೆಯಾಗುತ್ತದೆ. ಕಂದು ಬಣ್ಣದ, ಮಣ್ಣಿನ ವಾಸನೆಯ ನೊರೆ ಹೆಚ್ಚಾಗಿ ಸಹಜವಾದದ್ದು. ಬೆಳ್ಳಗೆ ಹಗುರವಾಗಿ, ಸಾಬೂನಿನ ವಾಸನೆ ಬೀರುವ ನೊರೆ ಕೊಳಚೆಯತ್ತ ಬೆರಳು ತೋರುತ್ತದೆ. ಎರಡೂ ಸುಳಿವುಗಳಷ್ಟೇ, ಪುರಾವೆಯಲ್ಲ. ಕೀಟನಾಶಕಗಳ ತಯಾರಿಕೆಯಲ್ಲಿಯೂ ಸರ್ಫ್ಯಾಕ್ಟಂಟ್ ಬಳಸುತ್ತಾರೆ, ನಿಜ. ಆದರೆ ನೊರೆಯೇ ಕಾಣದಷ್ಟು ತೆಳುವಾದ ಮೇಲೂ ಕೀಟನಾಶಕ ನೀರಿನಲ್ಲಿ ಉಳಿದಿರಬಹುದು. ನೊರೆ ಕಂಡರೆ ವಿಷ ಇದೆ ಎಂದಾಗಲಿ, ಕಾಣದಿದ್ದರೆ ಇಲ್ಲ ಎಂದಾಗಲಿ ಹೇಳಲಾಗದು.

ಕೊಳಚೆಯ ನೊರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆ ಸಾಕ್ಷಿ. 2015ರ ಮೇ ತಿಂಗಳಲ್ಲಿ ಅಲ್ಲಿನ ನೊರೆ ರಸ್ತೆಗೆ ಹಾರಿದ್ದಷ್ಟೇ ಅಲ್ಲ, ಬೆಂಕಿಯನ್ನೂ ಹತ್ತಿಸಿಕೊಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ವರ್ಷಗಟ್ಟಲೆ ಆ ಕೆರೆಯನ್ನು ಗಮನಿಸಿ ಕಾರಣ ಬಿಡಿಸಿತು. ಡಿಟರ್ಜೆಂಟಿನ ಸರ್ಫ್ಯಾಕ್ಟಂಟ್ ಕೆರೆಯ ತಳದ ಕೆಸರಿಗೆ ಅಂಟಿ ಜಮೆಯಾಗುತ್ತದೆ. ಜೋರು ಮಳೆ ಬಂದಾಗ ಕೆಸರು ಕದಡುತ್ತದೆ. ಕೋಡಿಯಲ್ಲಿ ನೀರು ಧುಮುಕಿ ಗಾಳಿ ಬೆರೆಯುತ್ತದೆ. ನೀರಿನಲ್ಲಿ ತೇಲುವ ಕಣಗಳು ಮತ್ತು ಅವುಗಳಲ್ಲಿನ ಬ್ಯಾಕ್ಟೀರಿಯಾಗಳು ಆ ನೊರೆಯನ್ನು ನಿಲ್ಲಿಸುತ್ತವೆ. ಇಲ್ಲಿಯೂ ಸರ್ಫ್ಯಾಕ್ಟಂಟ್ ಒಂದೇ ಅಲ್ಲ, ಜೊತೆಗಾರರೂ ಬೇಕು. ಊರ ಚರಂಡಿಯನ್ನು ಕೆರೆಗೆ, ಹಳ್ಳಕ್ಕೆ ಹರಿಯಬಿಡುವ ಪಟ್ಟಣಗಳು ಇದನ್ನು ಎಚ್ಚರಿಕೆಯಾಗಿ ಕಾಣಬೇಕು: ನೊರೆ ಇಲ್ಲದ ದಿನಗಳಲ್ಲಿಯೂ ಕೆಸರಿನಲ್ಲಿ ಅದರ ಸರಕು ಕೂಡುತ್ತಲೇ ಇರುತ್ತದೆ.

ಏನು ಮಾಡಬೇಕು?

- ಕುಡಿಯುವ ನೀರನ್ನು ನೊರೆಯಿಂದ ಆರಿಸಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ, ಇಲ್ಲವೇ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಫ್ಲೋರೈಡ್, ನೈಟ್ರೇಟ್, ರೋಗಾಣು ಪರೀಕ್ಷೆ ಬೇಕೆಂದು ಹೆಸರು ಹಿಡಿದು ಹೇಳಿ.
- ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ.
- ಗಡಸು ನೀರನ್ನು ಬಟ್ಟೆಗೆ, ಸ್ನಾನಕ್ಕೆ ಬಳಸಬಹುದು. ನೊರೆಗಾಗಿ ಸಾಬೂನು ಸುರಿಯುತ್ತಾ ಹೋಗಬೇಡಿ. ಕೊಳೆಯನ್ನು ತೆಗೆಯುವುದು ಕೊಳೆಗೆ ಅಂಟಿದ ಸರ್ಫ್ಯಾಕ್ಟಂಟ್ ಮತ್ತು ಉಜ್ಜುವಿಕೆ, ನೊರೆಯ ಎತ್ತರವಲ್ಲ. ಹೆಚ್ಚು ನೊರೆ ಎಂದರೆ ಜಾಲಾಡಲು ಹೆಚ್ಚು ಬಿಂದಿಗೆ ನೀರು.
- ನೀರು ಎಷ್ಟು ಗಡಸು ಎಂದು ನೋಡಲು ಮಾತ್ರ ನೊರೆಯನ್ನು ಕೇಳಿ. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಮಳೆನೀರು ಮತ್ತು ಬೋರ್ ನೀರು ತುಂಬಿ, ಒಂದೇ ಪ್ರಮಾಣದ ಸಾಬೂನಿನ ಚೂರು ಹಾಕಿ, ಇಪ್ಪತ್ತು ಸಲ ಕುಲುಕಿ ಹೋಲಿಸಿ. ಇದಕ್ಕೆ ಶಾಂಪೂ ಬೇಡ, ಸ್ನಾನದ ಸಾಬೂನೇ ಸರಿ.

ನೊರೆ ಹೇಳುವುದು ತನ್ನ ಪೊರೆಯೊಳಗಿನ ಸಂಗತಿಯನ್ನಷ್ಟೇ. ಅಲ್ಲಿ ಯಾವ ಅಣುಗಳಿವೆ, ಅವುಗಳ ಆವೇಶ ಒಂದನ್ನೊಂದು ದೂಡುತ್ತಿದೆಯೋ ಅಳಿಸುತ್ತಿದೆಯೋ ಎಂಬುದನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. ಮಗುವಿಗೆ ಕೊಡುವ ಲೋಟದ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಪರೀಕ್ಷೆಯ ವರದಿಯಲ್ಲೇ ನೋಡಬೇಕು.